ನನ್ನ ಬಾಲ್ಯಕ್ಕೆ ನುಗ್ಗಿದ ನಾಯಿ

ನೆನಪುಗಳನ್ನು ನಾನು ಎಂದೂ ಪೂರ್ತಿ ನಂಬಿದವನಲ್ಲ. ನನ್ನ ನೆನಪಿಗೆ ಮಾತ್ರ ಸ್ವಲ್ಪ ವಿನಾಯಿತಿ ಕೊಟ್ಟಿದ್ದೆ. ಅದೂ ಹೋದದ್ದು, ಜಾಹೀರಾತುಗಳು ನಮ್ಮ ತಲೆಯೊಳಗೆ ಹೇಗೆ ಮನೆ ಮಾಡಿಕೊಂಡಿವೆ ಎಂದು ಲೋಕಕ್ಕೆ ತಿಳಿಸಲು ಒಂದು ಕಿರುಚಿತ್ರ ಮಾಡಹೊರಟಾಗ. ಕಾನ್ಸೆಪ್ಚುಯಲ್ ಚಿತ್ರ, ಹಾಗೆಂದರೆ ನೋಡಿದವರಿಗೆ ಅರ್ಥವಾಗದಿದ್ದರೆ ತಪ್ಪು ಅವರದು. ಚಿತ್ರದುದ್ದಕ್ಕೂ ಒಬ್ಬ ಮನುಷ್ಯ ಅಂಧೇರಿ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಕಂಡ ಕಂಡ ಜಾಹೀರಾತುಗಳನ್ನೆಲ್ಲ ಮಂತ್ರದಂತೆ ಗಟ್ಟಿಯಾಗಿ ಓದುತ್ತಾನೆ. ಕೊನೆಯ ದೃಶ್ಯದಲ್ಲಿ ಅವನಿಗೆ ಯಾವ ಕಂಪನಿಯೂ ಮಾರಲಾರದ ಒಂದು ನೆನಪು ಬರಬೇಕು. ಅದು ನಿಜವಲ್ಲದಿದ್ದರೆ ಇಡೀ ಚಿತ್ರವೇ ಸುಳ್ಳು. ಹಾಗಾಗಿ ನನ್ನದೇ ನೆನಪು ಕೊಟ್ಟೆ: ಮಳೆಯಲ್ಲಿ ತೊಯ್ದು ಶಾಲೆಯಿಂದ ಬರುತ್ತೇನೆ, ಕಿಟಕಿಯ ಬಿಳಿ ಪರದೆ ಹಾರುತ್ತಿದೆ, ಅಮ್ಮ ನಗುತ್ತ ಸೆರಗಿನಿಂದ ತಲೆ ಒರೆಸಿ ಬಿಸಿ ಸೂಪು ಕೊಡುತ್ತಾಳೆ. ಅಮ್ಮ ಹೋಗಿ ಬಹಳ ವರ್ಷವಾಯಿತು. ನನ್ನ ಹತ್ತಿರ ಸ್ಪಷ್ಟವಾಗಿ ಉಳಿದಿದ್ದ ಅಮ್ಮ ಅವಳೊಬ್ಬಳೇ.

ಅಮ್ಮನ ಪಾತ್ರಕ್ಕೆ ಮಲಾಡಿನಲ್ಲಿರುವ ಅಕ್ಕನನ್ನು ಒಪ್ಪಿಸಿದೆ, ಮುಖ ಅಮ್ಮನದೇ. ಶೂಟಿಂಗೂ ಅವಳ ಫ್ಲ್ಯಾಟಿನಲ್ಲೇ. ಮಗನ ಪಾತ್ರ ನನ್ನದು. ಐವತ್ತು ದಾಟಿದ ನಾನು ಚಡ್ಡಿ ತೊಟ್ಟು, ಶಾಲೆಯ ಚೀಲ ಬೆನ್ನಿಗೇರಿಸಿ, ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದುಕೊಂಡು ಹೊಸ್ತಿಲಲ್ಲಿ ನಿಂತೆ. ಎದುರು ಮನೆಯವರು ಬಾಗಿಲು ತೆರೆದು, ನೋಡಿ, ಮೆಲ್ಲಗೆ ಮುಚ್ಚಿಕೊಂಡರು. ಅಕ್ಕ ಮಾತ್ರ ಬಟ್ಟಲು ಹಿಡಿದು ಹಾಗೇ ನಿಂತುಬಿಟ್ಟಳು.

"ಅಲ್ಲ ಕಣೋ, ಅಮ್ಮ ಯಾವತ್ತು ಸೂಪು ಮಾಡಿದ್ಲು? ನಮ್ಮ ಆಂಟಾಪ್ ಹಿಲ್ ಒಂದೇ ಕೋಣೆ ಕ್ವಾರ್ಟರ್ಸ್‌ನಲ್ಲಿ ಪರದೆ ಬೇರೆ! ಕಿಟಕಿ ತುಂಬ ಅಪ್ಪನ ಬನಿಯನ್ ಒಣಗ್ತಿತ್ತು."

"ನಿನಗೆ ಮರೆತಿದೆ ಅಕ್ಕ. ನಾಯಿ ಕೂಡ ಪಕ್ಕದಲ್ಲೇ ಮೈ ಕೊಡವ್ತಿತ್ತಲ್ಲ, ಚಿನ್ನದ ಬಣ್ಣದ್ದು..."

"ನಾಯಿ?" ಕನ್ನಡಕದ ಹಿಂದೆ ಅಕ್ಕನ ಕಣ್ಣು ಅಗಲವಾಯಿತು. "ನಾವೇ ಒಬ್ಬರ ಮೇಲೊಬ್ಬರು ಮಲಗ್ತಿದ್ವಿ. ನಾಯಿ ಎಲ್ಲಿ ಮಲಗ್ತಿತ್ತು, ಪಂಖಾ ಮೇಲಾ? ಅರೇ ಪೆದ್ದ, ಅದು ಟೀವೀಲಿ ಬರ್ತಿದ್ದ ಸೂಪಿನ ಪುಡಿ ಜಾಹೀರಾತು ಕಣೋ!"

ಕ್ಯಾಮೆರಾ ಹಿಡಿದಿದ್ದ ಗೆಳೆಯ ಕೆಮ್ಮಿದಂತೆ ಮಾಡಿ ನಕ್ಕ. ಊರಿನವರ ತಲೆ ತೊಳೆಯಲು ಹೊರಟವನ ತಲೆಯಲ್ಲಿ, ಹೆತ್ತ ತಾಯಿಯ ಜಾಗದಲ್ಲಿ, ಯಾವುದೋ ಮಾಡೆಲ್ ಕೂತಿದ್ದಳು. "ಹಾಗಾದ್ರೆ ಅಮ್ಮ ಏನು ಮಾಡ್ತಿದ್ಲು?" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು.

ಅಕ್ಕ ಬಟ್ಟಲು ಕೆಳಗಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನೆಲ ಒರೆಸುವ ಬಟ್ಟೆ ಎತ್ತಿಕೊಂಡಳು. "ಒಳಗೆ ಕಾಲಿಟ್ಟರೆ ಮುರೀತೀನಿ! ಈಗಷ್ಟೇ ಪೋಛಾ ಮಾಡಿದ್ದೀನಿ. ಅಲ್ಲೇ ನಿಂತ್ಕೊ, ಕತ್ತೆ!" ಎಂದು ಕೂಗಿ ಬಟ್ಟೆಯನ್ನು ನನ್ನ ಮುಖಕ್ಕೇ ಎಸೆದಳು. ಫಿನೈಲ್ ನಾತದ ಆ ಒದ್ದೆ ಬಟ್ಟೆ ಮೂಗಿಗೆ ಬಡಿದದ್ದೇ ತಡ, ಅಮ್ಮ ಬಂದುಬಿಟ್ಟಳು. ಗಂಟಿಕ್ಕಿದ ಹುಬ್ಬು, ಅದರ ಕೆಳಗೆ ನಗು ತಡೆದುಕೊಂಡಿದ್ದ ತುಟಿ, ಎಲ್ಲ ಸಮೇತ.

ಅದನ್ನೇ ಚಿತ್ರದ ಕೊನೆಗೆ ಇಟ್ಟೆವು. ಅಮ್ಮನನ್ನು ಸೂಪಿನ ಕಂಪನಿಯಿಂದ ಬಿಡಿಸಿಕೊಂಡು ಬಂದೆನೆಂದು ನಾನು ಬೀಗಿದ್ದೇ ಬೀಗಿದ್ದು. ಎಡಿಟಿಂಗ್ ಮಾಡುತ್ತ ಆ ದೃಶ್ಯವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಈಗ ಕಣ್ಣು ಮುಚ್ಚಿದರೆ ಸಾಕು, ಅಮ್ಮ ತಪ್ಪದೆ ಬರುತ್ತಾಳೆ, ಅಕ್ಕನ ಕನ್ನಡಕ ಹಾಕಿಕೊಂಡು. ಬಟ್ಟೆಯನ್ನು ಎರಡು ಸಲ ಎಸೆಯುತ್ತಾಳೆ. ಮೊದಲ ಸಲ ಫೋಕಸ್ ಸರಿಯಾಗಿರಲಿಲ್ಲ.