ಖಂಡೇಪೂಜೆಗೆ ಕುಳಿತ ತಿಜೋರಿ

ಯಾರೋ ಹೇಳಿದರೆಂಬ ಕಾರಣಕ್ಕೆ ನಾನು ಯಾವ ಮಾತನ್ನೂ ನಂಬುವವನಲ್ಲ. ಇದನ್ನು ನಾನು ಗುಣವೆಂದು ತಿಳಿದಿದ್ದೇನೆ. ನನ್ನ ಹೆಂಡತಿ ಶಾಂತವ್ವ ರೋಗವೆಂದು ತಿಳಿದಿದ್ದಾಳೆ. ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಉಳಿದ ವಿದ್ಯೆಯನ್ನೆಲ್ಲ ಬೈಲಹೊಂಗಲದ ನನ್ನ ಬೈಂಡಿಂಗ್ ಅಂಗಡಿಯಲ್ಲಿ, ರಟ್ಟು ಹಾಕಿಸಲು ಬಂದ ಪುಸ್ತಕಗಳನ್ನು ಹೊಲಿಯುವ ಮೊದಲು ಓದಿ ಸಂಪಾದಿಸಿದೆ. ಎರಡು ದಿನದ ಕೆಲಸಕ್ಕೆ ಎರಡು ತಿಂಗಳು ಏಕೆಂದು ಗಿರಾಕಿಗಳು ಕೇಳಿದಾಗ, ಅಂಟು ಇನ್ನೂ ಒಣಗಿಲ್ಲವೆಂದು ಉತ್ತರಿಸುತ್ತಿದ್ದೆ. ಅಂಟು ಎಂದೋ ಒಣಗಿರುತ್ತಿತ್ತು. ಮುಗಿಯದೆ ಉಳಿದಿರುತ್ತಿದ್ದದ್ದು ಹದಿಮೂರನೆಯ ಅಧ್ಯಾಯ!

ನಮ್ಮ ಸೀಮೆಯಲ್ಲಿ ಹೇಳಿಕೆಯ ಮಾತುಗಳಿಗೆ ಬರವಿಲ್ಲ. ಮುಖ್ಯವಾಗಿ ಸುರಂಗಗಳಿಗೆ. ಕಿತ್ತೂರಿನಿಂದ ಸಂಪಗಾಂವಿಗೆ ಒಂದು ಸುರಂಗವಂತೆ, ಚಚಡಿಯ ವಾಡೆಯಿಂದ ಸವದತ್ತಿಯ ಗುಡ್ಡಕ್ಕೆ ಇನ್ನೊಂದಂತೆ, ದೇಗಾಂವದಿಂದ ಎಲ್ಲಿಗೋ ಮತ್ತೊಂದಂತೆ. ಇವೆಲ್ಲ ನಿಜವಾಗಿದ್ದರೆ ನಮ್ಮ ಸುತ್ತಿನ ನಾಲ್ಕೂ ತಾಲ್ಲೂಕುಗಳು ಇಷ್ಟು ಹೊತ್ತಿಗೆ ಒಳಗೆ ಕುಸಿದು ಕುಳಿತಿರಬೇಕಿತ್ತು. ಆದಕಾರಣ ಹನ್ನೆರಡು ವರ್ಷಗಳಿಂದ ನಾನು ಒಂದು ರೆಕಾರ್ಡರ್ ಹಿಡಿದು ಊರೂರು ತಿರುಗುತ್ತಿದ್ದೇನೆ. ಹಳಬರ ಮಾತು, ಹಾಡು, ಬೀಸುಕಲ್ಲಿನ ಪದ, ಎಲ್ಲವನ್ನೂ ಅವರವರ ಬಾಯಿಂದಲೇ ಹಿಡಿದಿಟ್ಟು, ಯಾರು ಯಾರಿಂದ ಕೇಳಿದರು ಎಂಬುದನ್ನು ವಿಚಾರಿಸುವುದು ನನ್ನ ಪದ್ಧತಿ.

ಈ ಸಂಗ್ರಹವು ಅಂಗಡಿಯ ಮೂಲೆಯ ಒಂದು ಹಳೆಯ ಕಂಪ್ಯೂಟರಿನಲ್ಲಿದೆ. ಕಿತ್ತೂರು, ರಾಮದುರ್ಗದ ಗೆಳೆಯರು ತಮ್ಮ ಮನೆಯಿಂದಲೇ ಇದನ್ನು ತೆರೆದು ಕೇಳುವುದರಿಂದ ಅದಕ್ಕೆ ಸರ್ವರ್ ಎಂಬ ಬಿರುದು. ಅಂಗಡಿಯಲ್ಲಿ ಕಾಗದ, ಅಂಟು, ಬಟ್ಟೆ ತುಂಬಿವೆ; ಒಂದು ಬೀಡಿಯ ಕಿಡಿ ಸಾಕು. ಆದ್ದರಿಂದ ಎಲ್ಲದರ ಒಂದೊಂದು ಪ್ರತಿ ಅಂಗಡಿಯ ಹಿಂದಿನ ನಮ್ಮ ಮನೆಯಲ್ಲಿರಲೆಂದು, ಸವದತ್ತಿಯಲ್ಲಿ ಕಂಪ್ಯೂಟರ್ ದುರಸ್ತಿ ಅಂಗಡಿ ನಡೆಸುವ ಶಕುಂತಲಾ ಒಂದು ಕಪ್ಪು ಪೆಟ್ಟಿಗೆಯನ್ನು ತಂದು ದೇವರ ಗೂಡಿನ ಪಕ್ಕದ ಹಲಗೆಯ ಮೇಲಿಟ್ಟಳು. ಅಲ್ಲಿಂದ ಅಂಗಡಿಗೆ ನೀಲಿ ವಾಯರ್ ಎಳೆದಳು. ಸರ್ವರಿನಲ್ಲಿ 'ಮೂಲ' ಎಂಬ ಫೋಲ್ಡರಿನ ಪಕ್ಕ 'ತಿಜೋರಿ' ಎಂಬ ಇನ್ನೊಂದನ್ನು ಮಾಡಿದಳು. ದಿನಾ ಮಧ್ಯಾಹ್ನ ಎರಡು ಗಂಟೆಗೆ, ನಾನು ಉಂಡು ಅಡ್ಡಾಗುವ ವೇಳೆಗೆ, ಮೂಲದಲ್ಲಿದ್ದದ್ದು ತಾನಾಗಿಯೇ ತಿಜೋರಿಗೆ ಪ್ರತಿಯಾಗುವ ವ್ಯವಸ್ಥೆ.

"ಕಾಕಾ, ಚಲೋತ್ನಾಗಿ ಕೇಳ್ರಿ," ಎಂದಳು ಶಕುಂತಲಾ. "ಈ ತಿಜೋರಿ ನೋಡಾಕ ಫೋಲ್ಡರ್ ಇದ್ದಂಗ ಐತಿ, ಖರೇ ಅಂದ್ರ ಬಾಗಲಾ ಐತಿ. ಮನ್ಯಾಗಿನ ಪೆಟಗಿಗೆ ಜೋಡಿಸಿದ್ರ ಮಾತ್ರ ಇಲ್ಲಿ ಹಾಕಿದ್ದು ಅಲ್ಲಿಗೆ ಹೋಗತೈತಿ. ಹಂಗ ಜೋಡಿಸೋದಕ್ಕ ಮೌಂಟ್ ಅಂತಾರ. ಮಷಿನ್ ಬಂದ್ ಮಾಡಿ ಚಾಲೂ ಮಾಡಿದಾಗೆಲ್ಲಾ ಮೌಂಟ್ ಆಗೈತೋ ಇಲ್ಲೋ ಮೊದಲ ನೋಡ್ರಿ. ಹೆಂಗ ನೋಡೋದಂತ ಈ ಚೀಟ್ಯಾಗ ಬರದೇನಿ."

"ಬಾಗಿಲು ಅಂತ ನೀ ಅಂದಿ ತಂಗಿ. ಸಾಕ್ಷಿ ಏನೈತಿ?" ಎಂದೆ.

ಅವಳು ಹಣೆ ಒತ್ತಿಕೊಂಡು ಬಸ್ಸು ಹತ್ತಿದಳು. ಚೀಟಿಯ ಕಾಗದ ಒಳ್ಳೆಯ ದಪ್ಪದ್ದಾಗಿತ್ತು. ಅದನ್ನು ನಾನು ಒಂದು ಹಳೆಯ ನಿಘಂಟಿನ ಬೆನ್ನಿಗೆ ಒಳಗಿನಿಂದ ಅಂಟಿಸಿದೆ. ನಿಘಂಟು ಇಂದಿಗೂ ಗಟ್ಟಿಯಾಗಿದೆ!

ಪ್ರತಿದಿನ ಸರ್ವರ್ ಒಂದು ಸಾಲಿನ ವರದಿ ಬರೆಯುತ್ತಿತ್ತು: 'ಪ್ರತಿ ಮಾಡುವುದು ಯಶಸ್ವಿ'. ಸುರಂಗಗಳನ್ನು ನಂಬದ ನಾನು, ಶಾಸನಗಳ ಓದನ್ನೇ ನಂಬದ ನಾನು, ಈ ಒಂದು ಸಾಲನ್ನು ಮಾತ್ರ ಪೂರ್ಣವಾಗಿ ನಂಬಿದೆ. ನಂಬಿದ್ದಷ್ಟೇ ಅಲ್ಲ, ವರದಿಗಳನ್ನು ಮುದ್ರಿಸಿ, ಹೊಲಿದು, ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟು ಹಾಕಿ, ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ 'ಯಶಸ್ಸು: ಸಂಪುಟ ಒಂದು' ಎಂದು ಒತ್ತಿಸಿದೆ.

ಈ ವರ್ಷ ಮೊಹರಂ ಹಬ್ಬಕ್ಕೆ ಹದಿನೈದು ದಿನಗಳಿರುವಾಗ ರಾಮದುರ್ಗದಿಂದ ಮೌಲಾಸಾಬನ ಫೋನು ಬಂತು. ಅವನು ಟೆಂಪೋ ಹೊಡೆಯುವವನು. ಅವನ ತಂದೆ ಹುಸೇನಸಾಬರು ಮೊಹರಂ ಮೇಳದಲ್ಲಿ ರಿವಾಯತ ಎಂಬ ಕಥನಪದಗಳನ್ನು ಹೇಳುವುದರಲ್ಲಿ ಹೆಸರಾದವರು. ದೀಪಾವಳಿಯ ಮರುವಾರ ನಾನು ಅವರ ಮನೆಗೆ ಹೋಗಿ, ಅವರಿಗೊಬ್ಬರಿಗೇ ಬರುತ್ತಿದ್ದ 'ಕುದುರೆಯ ಪದ'ವನ್ನು ರೆಕಾರ್ಡ್ ಮಾಡಿದ್ದೆ. ಅದಾದ ಎರಡು ತಿಂಗಳಿಗೆ ಅವರು ತೀರಿಕೊಂಡರು.

"ಕಾಕಾರ, ಮೇಳದವರು ಅಪ್ಪನ ಕುದರಿ ಪದಾ ಈ ಸಲ ಹಾಡಬೇಕಂತಾರ. ಯಾರಿಗೂ ಪೂರಾ ಬರೂದಿಲ್ಲ. ನಾಡದ ಬೇಸ್ತವಾರ ನಾಕ ಗಂಟೇಕ ಬರತೇನಿ, ಮೊಬೈಲಿಗೆ ಹಾಕಿ ಕೊಡ್ರಿ," ಎಂದ. ಸ್ವಲ್ಪ ತಡೆದು ಹೇಳಿದ: "ಮನ್ಯಾಗ ಅಪ್ಪನ ಫೋಟೋ ಹತ್ತ ಅದಾವರಿ. ದನಿ ಒಂದೂ ಇಲ್ಲ."

"ಮೂಲವೂ ಐತಿ, ಪ್ರತಿಯೂ ಐತಿ, ಪ್ರತಿ ಆಗಿದ್ದಕ್ಕ ಸಂಪುಟನೂ ಐತಿ. ನೀ ಆರಾಮ ಬಾ!" ಎಂದೆ.

ಗುರುವಾರ ಬೆಳಿಗ್ಗೆ ಸರ್ವರ್ ಚಾಲೂ ಮಾಡಿದರೆ ಪರದೆಯ ಮೇಲೆ ಕೆಂಪು ಅಕ್ಷರ: 'ಜಾಗವಿಲ್ಲ'. ನಾನು ಲೆಕ್ಕ ಹಾಕಿದೆ. ನನ್ನ ಎಲ್ಲ ರೆಕಾರ್ಡುಗಳೂ ಸೇರಿ ಅರ್ಧ ಜಾಗವನ್ನಷ್ಟೇ ತುಂಬಬೇಕು. ಆದಕಾರಣ ಯಂತ್ರವು ಸುಳ್ಳು ಹೇಳುತ್ತಿದೆ. ಶಕುಂತಲಾಳಿಗೆ ಫೋನು ಮಾಡಿ ಯಂತ್ರದ ಚಾರಿತ್ರ್ಯದ ಬಗೆಗೆ ದೂರಿದೆ.

"ಮೌಂಟ್ ಐತೇನ ನೋಡಿದ್ರ್ಯಾ?"

"ದಿನಾ ಬಂದ ವರದಿ ಐತಿ."

"ವರದಿ ಕೇಳಲಿಲ್ರಿ ನಾ. ಚೀಟಿ ಎಲ್ಲೈತಿ?"

"ಭದ್ರ ಐತಿ," ಎಂದೆ. ಅದು ಸುಳ್ಳಲ್ಲ.

"ನಾ ಮಧ್ಯಾಹ್ನದ ಬಸ್ಸಿಗೆ ಬರತೇನಿ ಕಾಕಾ. ಅಲ್ಲೀತನಾ ಏನೂ ಅಳಸಬ್ಯಾಡ್ರಿ. ನಿಮ್ಮ ಕಾಲ ಬೀಳತೇನಿ."

ಇನ್ನೊಬ್ಬರ ಮಾತನ್ನು ವಿಚಾರಿಸದೆ ಪಾಲಿಸುವುದು ನನ್ನ ತತ್ವಕ್ಕೆ ವಿರುದ್ಧ. ನಾನು ಸ್ವತಃ ತನಿಖೆ ಕೈಗೊಂಡೆ. ತಿಜೋರಿಯನ್ನು ತೆರೆದೆ. ಹನ್ನೆರಡು ವರ್ಷದ ಸಂಗ್ರಹವೆಲ್ಲ ಸಾಲಾಗಿ ಕುಳಿತಿದೆ! ಕುದುರೆಯ ಪದವೂ ಇದೆ. ಕಣ್ಣಾರೆ ಕಂಡೆ. ಅಂದಮೇಲೆ ಪ್ರತಿಗಳು ಮನೆಯಲ್ಲಿ ಕ್ಷೇಮ. ಮನೆಯಲ್ಲಿ ಕ್ಷೇಮವಾಗಿರುವುದನ್ನು ಅಂಗಡಿಯಲ್ಲಿಯೂ ಇಟ್ಟುಕೊಂಡು ಜಾಗವಿಲ್ಲವೆಂದು ಕೊರಗುವುದು ಮೂರ್ಖತನ. ಹೀಗೆ ತರ್ಕಬದ್ಧವಾಗಿ ಮುಂದುವರಿದು, ಮೂಲದಲ್ಲಿದ್ದ ಕಳೆದೊಂದು ವರ್ಷದ ರೆಕಾರ್ಡುಗಳನ್ನೆಲ್ಲ ಅಳಿಸಿದೆ. ಅಚ್ಚುಕಟ್ಟಿನ ಮನುಷ್ಯನಾದುದರಿಂದ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ಕೆಂಪು ಅಕ್ಷರ ಮಾಯವಾಯಿತು. ನಾನು ಮೀಸೆ ತಿರುವುತ್ತ ಊಟಕ್ಕೆ ಮನೆಗೆ ಹೋದೆ. ಕೈ ತೊಳೆಯುವ ಮೊದಲು ಪೆಟ್ಟಿಗೆಯ ಬೆನ್ನು ಚಪ್ಪರಿಸೋಣವೆಂದು ಹಲಗೆಯ ಹತ್ತಿರ ನಿಂತವನು, ಅಲ್ಲೇ ನಿಂತೆ.

ಪೆಟ್ಟಿಗೆಯ ಹಣೆಗೆ ವಿಭೂತಿ, ಕುಂಕುಮ. ತಲೆಯ ಮೇಲೆ ಒಣಗಿದ ಒಂದು ಚೆಂಡುಹೂವು. ದೀಪ ಉರಿಯುತ್ತಿದೆ. ಆದರೆ ನೀಲಿ ವಾಯರ್ ಅಂದವಾಗಿ ಸುತ್ತಿಕೊಂಡು ಗೋಡೆಯ ಮೊಳೆಗೆ ನೇತಾಡುತ್ತಿದೆ!

"ಏನ ಇದು?" ಎಂದು ಕೂಗಿದೆ.

ಶಾಂತವ್ವ ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಳು: "ದಸರಾದ ಖಂಡೇಪೂಜಿದು."

"ಖಂಡೇಪೂಜಿ ಆಗಿ ಎಂಟ ತಿಂಗಳಾತು!"

"ಹೂವು ತಗೀಬೇಕಂದ್ರ ನೀವು ಮುಟ್ಟಬ್ಯಾಡ ಅಂತೀರಿ. ಹತ್ಯಾರ ಎಲ್ಲಾ ಬಿಚ್ಚಿ ಪೂಜಿಗೆ ಇಡು ಅಂದವರು ನೀವ. ನೀವು ಅಂಗಡ್ಯಾಗಿನ ಮಷಿನ್, ಚೂರಿ, ಕತ್ತರಿ ಪೂಜಿ ಮಾಡಿದ್ರಿ. ನಾ ಮನ್ಯಾಗಿಂದು ಮಾಡಿದೆ. ಒಳ್ಳಕಲ್ಲಿಗೆ ಮಾಡಿದ ಮ್ಯಾಲ ಇದಕ್ಕ ಬ್ಯಾಡೇನು? ಮರುದಿನ ಕರೆಂಟಿನ ವಾಯರ್ ಹಚ್ಚಿದೆ, ದೀಪಾ ಹತ್ತಿತು. ಈ ನೀಲಿ ವಾಯರ್ ಎದರದು ಅಂತ ನಿಮ್ಮನ್ನ ಕೇಳಿದೆ."

"ನಾ ಏನಂದೆ?"

"ಆಮ್ಯಾಲ ನೋಡೂಣು ಅಂದ್ರಿ. ಪುಸ್ತಕದಾಗಿಂದ ತಲೀ ಎತ್ತಲಿಲ್ಲ."

ಆ ಮಾತನ್ನು ಅಲ್ಲಗಳೆಯಲು ನನ್ನ ಬಳಿ ಸಾಕ್ಷ್ಯವಿರಲಿಲ್ಲ. ವಾಯರ್ ಸಿಕ್ಕಿಸಿ, ಅಂಗಡಿಗೆ ಓಡಿ, ಸರ್ವರನ್ನು ಬಂದ್ ಮಾಡಿ ಚಾಲೂ ಮಾಡಿದೆ. ತಿಜೋರಿಯನ್ನು ತೆರೆದೆ. ಸಂಗ್ರಹವಿತ್ತು, ಆದರೆ ಖಂಡೇಪೂಜೆಯ ಹಿಂದಿನ ದಿನದವರೆಗೆ ಮಾತ್ರ. ಅಲ್ಲಿಂದೀಚೆಗೆ ಒಂದು ಅಕ್ಷರವಿಲ್ಲ. ಎರಡು ಗಂಟೆಯ ಹಿಂದೆ ಕಣ್ಣಾರೆ ಕಂಡಿದ್ದ ಕುದುರೆಯ ಪದ ಇಲ್ಲ. ಮೂಲದಲ್ಲಿಯೂ ಇಲ್ಲ. ಅದನ್ನು ನಾನೇ ಅಳಿಸಿದ್ದೆ, ಕಸದ ಬುಟ್ಟಿಯ ಸಮೇತ!

ಅಲ್ಲಿಂದ ನಾಲ್ಕು ಗಂಟೆಯವರೆಗೆ ನಾನು ಮಾಡಿದ್ದನ್ನು ವಿವರವಾಗಿ ಬರೆಯಲಾರೆ. ವಾಯರನ್ನು ಐದು ಸಲ ತೆಗೆದು ಹಾಕಿದೆ. ಪೆಟ್ಟಿಗೆಯನ್ನು ಬಿಚ್ಚಿ ತಂದು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ, ಗೋಧಿಯ ಡಬ್ಬಿಯೋ ಎಂಬಂತೆ. ಚೆಂಡುಹೂವು ಉದುರಿತು; ಬೇರೇನೂ ಉದುರಲಿಲ್ಲ. ತಂದ ಹಾಗೆಯೇ ಒಯ್ದು ಮತ್ತೆ ಜೋಡಿಸಿಟ್ಟೆ. ಮೌಲಾಸಾಬನಿಗೆ ಒಂದು ಕ್ಷಮಾಪತ್ರವನ್ನು ಬರೆಯಲು ಕುಳಿತು, ಪೀಠಿಕೆಯೇ ಎರಡು ಪುಟವಾದಾಗ ಬಿಟ್ಟೆ. ಬಿಡುವುದಕ್ಕೂ ಅಂಗಡಿಯ ಮುಂದೆ ಟೆಂಪೋ ನಿಲ್ಲುವುದಕ್ಕೂ ಸರಿಹೋಯಿತು.

ಮೌಲಾಸಾಬ ಒಂದು ಸ್ಟೀಲಿನ ಡಬ್ಬಿ ತಂದಿದ್ದ. "ಚೊಂಗೆ ರೀ. ಹಬ್ಬಕ್ಕ ಇನ್ನೂ ದಿನಾ ಅದಾವ ಅಂದ್ರೂ ನಮ್ಮವ್ವ ಕೇಳಲಿಲ್ಲ. ಅಪ್ಪನ ದನಿ ಜೋಪಾನ ಮಾಡ್ಯಾರ, ಬರಿಗೈಲೆ ಹೋಗಬ್ಯಾಡ ಅಂದ್ಲು."

ನಾನು ಡಬ್ಬಿ ತೆರೆದೆ. ಬೆಲ್ಲ ಹಾಕಿದ ಆ ಸಿಹಿರೊಟ್ಟಿ ಒಂದನ್ನು ತಿಂದೆ. ಇನ್ನೊಂದು ತಿಂದೆ. ಮೂರನೆಯದನ್ನು ತಿನ್ನುತ್ತ, ಧ್ವನಿಮುದ್ರಣದ ಇತಿಹಾಸದ ಮೇಲೆ ಉಪನ್ಯಾಸ ಆರಂಭಿಸಿದೆ. ಚಹಾ ತಂದ ಶಾಂತವ್ವ ನನ್ನ ಮುಖ ನೋಡಿದಳು.

"ಮೌಲಾ, ಹಾಡ ಕಾಣವಲ್ದಂತಪಾ," ಎಂದುಬಿಟ್ಟಳು.

ಮೌಲಾಸಾಬ ಕಿಸೆಯಿಂದ ಹೊರಗೆ ತೆಗೆದಿದ್ದ ಮೊಬೈಲನ್ನು ಮತ್ತೆ ಒಳಗಿಟ್ಟ. "ಇರಲಿ ಬಿಡ್ರಿ ಕಾಕಾರ," ಎಂದ, ಕೆಳಗೆ ನೋಡುತ್ತ. ಅವನು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ಶಕುಂತಲಾ ಬಂದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಕುರ್ಚಿ ಎಳೆದು ಸರ್ವರಿನ ಮುಂದೆ ಕುಳಿತು, ನನ್ನ ಕಡೆ ತಿರುಗದೆ ವಿಚಾರಣೆ ಆರಂಭಿಸಿದಳು.

"ವಾಯರ್ ಹಚ್ಚೂಕಿಂತ ಮೊದಲ ತಿಜೋರ್ಯಾಗ ಈ ಹಾಡ ಇತ್ತು?"

"ಇತ್ತು. ಕಣ್ಣಾರೆ ಕಂಡೇನಿ."

"ಹಚ್ಚಿದ ಮ್ಯಾಲ ಇಲ್ಲ."

"ಇಲ್ಲ. ಪೆಟ್ಟಿಗೆ ತಿಂದೈತಿ."

"ಪೆಟಗಿ ಏನೂ ತಿಂದಿಲ್ರಿ. ಅದಕ್ಕ ಎಂಟ ತಿಂಗಳು ಕೂಳ ಸಿಕ್ಕಿಲ್ಲ! ಬಾಗಲಾ ಜೋಡಿಸದ ಇದ್ದಾಗ ತಿಜೋರಿ ಅಂದ್ರ ಇದ ಮಷಿನ್ಯಾಗಿನ ಒಂದು ಖಾಲಿ ಖೋಲಿ. ನೀವು ದಿನಾ ಹಾಕಿದ್ದೆಲ್ಲಾ ಇಲ್ಲೇ ಬಿದ್ದೈತಿ. ಒಂದೊಂದೂ ಎರಡೆರಡ ಆಗಿ ಜಾಗಾ ತುಂಬಿತು. ಈಗ ಜೋಡಿಸಿದ್ರಿ, ಪೆಟಗ್ಯಾಗಿಂದು ಬಂದು ಅದರ ಮ್ಯಾಲ ಕುಂತೈತಿ. ಕೆಳಗಿಂದು ಕಾಣೂದಿಲ್ಲ."

ನಾನು ಇದಕ್ಕೆ ಮೂರು ಆಕ್ಷೇಪಗಳನ್ನು ಸಿದ್ಧಪಡಿಸುತ್ತಿದ್ದೆ. ಶಾಂತವ್ವ ಚಹಾದ ಬಟ್ಟಲು ಕೆಳಗಿಟ್ಟಳು.

"ಅಂದ್ರ ನೆಲದ ಮ್ಯಾಲ ಏನೋ ಬಿದ್ದೈತಿ, ಇವರು ಅದರ ಮ್ಯಾಲ ಜಮಖಾನಿ ಹಾಸ್ಯಾರ. ಎತ್ತಿ ನೋಡಿದ್ರಾತಿಲ್ಲವಾ?"

"ಕಾಕಿ, ನೀವು ನಮ್ಮ ಅಂಗಡಿಗೆ ಬರ್ರಿ ಕೆಲಸಕ್ಕ!" ಎಂದಳು ಶಕುಂತಲಾ. ಒಂದು ಸಾಲು ಬರೆದು ಗುಂಡಿ ಒತ್ತಿದಳು. ಜಮಖಾನೆ ಎದ್ದಿತು. ಕೆಳಗೆ ಎಂಟು ತಿಂಗಳೂ ಇದ್ದವು. ದೀಪಾವಳಿಯ ಮರುವಾರವೂ ಇತ್ತು.

ಮೌಲಾಸಾಬ ಎದ್ದು ನಿಂತುಬಿಟ್ಟ. ಕುದುರೆಯ ಪದ ಶುರುವಾಯಿತು. ಹುಸೇನಸಾಬರ ಎತ್ತರದ ದನಿ ಅಂಗಡಿಯ ತುಂಬ ಏರಿತು. ತುಂಬಿದ ಮಲಪ್ರಭೆಯ ದಂಡೆಗೆ ಕುದುರೆ ಬಂತು, ಕಾಲು ಕೆದರಿತು, ನೀರಿಗೆ ಇಳಿಯಿತು...

ಆಗ ಇನ್ನೊಂದು ದನಿ ಕೇಳಿಸಿತು. ಅದು ನನ್ನದು. "ಸಾಹೇಬ್ರ, ಒಂದ ನಿಮಿಷ. ಹೊಳಿ ತುಂಬಿತ್ತು ಅಂದ್ರಿ. ಅದು ಯಾವ ತಿಂಗಳು?"

ಹುಸೇನಸಾಬರು ತಡೆದು, ಮತ್ತೆ ಎತ್ತಿಕೊಂಡರು. ಕುದುರೆ ನಡುಹೊಳೆಗೆ ಬಂತು. "ಕುದರಿ ಈಜೂದನ್ನ ಕಣ್ಣಾರೆ ನೋಡಿದವರು ಯಾರರೆ ಅದಾರೇನ್ರಿ?" ಕುದುರೆ ಮುಳುಗಿ ಎದ್ದಿತು. "ಈ ಪದ ನಿಮಗ ಹೇಳಿಕೊಟ್ಟವರು ಆ ದಂಡಿ ಮ್ಯಾಲ ಇದ್ದರೇನು?"

ಅಂಗಡಿಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡದಿರಲು ಮೂವರೂ ಬಹಳ ಕಷ್ಟಪಡುತ್ತಿದ್ದರು. ರೆಕಾರ್ಡಿನಲ್ಲಿ ಪದ ನಿಂತಿತು. ಬಳಿಕ ಹುಸೇನಸಾಬರು ಹಾಡದೆ, ಎದುರಿಗೇ ಕುಳಿತವರಂತೆ ನನ್ನ ಮೇಲೆ ಗುಡುಗಿದರು:

"ಏ ಮಾಸ್ತರಾ! ಕುದರಿ ದಾಟತೈತಿ ಬಿಡೋ! ನೀ ಸುಮ್ಮ ಕುಂದ್ರು!"

ಮುಂದೆ ಪದವು ಒಂದೇ ಓಟಕ್ಕೆ ಕೊನೆಯವರೆಗೆ ಸಾಗಿತು. ಕುದುರೆ ದಾಟಿತು. ಮೌಲಾಸಾಬ ಗೋಡೆಗೆ ಒರಗಿ ನಗುತ್ತಿದ್ದ. ನಗುತ್ತಲೇ ಎರಡೂ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಇದ ನೋಡ್ರಿ ಖರೇ ನಮ್ಮ ಅಪ್ಪ," ಎಂದ. "ಮನ್ಯಾಗ ನಮಗೆಲ್ಲಾ ಹಿಂಗ ಗದರಸ್ತಿದ್ದಾ. ಶಕುಂತಲಾಬಾಯಿ, ಪದಾ ಮೇಳದವರಿಗೆ ಇರಲಿ. ನನಗ ಆ ಬೈದದ್ದಷ್ಟು ಕತ್ತರಿಸಿ ಬ್ಯಾರೆ ಕೊಡ್ರಿ."

ಅವಳು ಕತ್ತರಿಸಿ ಕೊಟ್ಟಳು. ಮೇಳದವರು ಪದ ಕಲಿತರು, ಹಬ್ಬದಲ್ಲಿ ಹಾಡಿದರು. ನನ್ನ ಪ್ರಶ್ನೆಗಳನ್ನು ಬಿಟ್ಟೇ ಹಾಡಿದರೆಂದು ಕೇಳಿದ್ದೇನೆ. ಇದನ್ನು ಮಾತ್ರ ವಿಚಾರಿಸಲು ಹೋಗಿಲ್ಲ. ಮೌಲಾಸಾಬ ಆ ತುಣುಕನ್ನು ಮೊಬೈಲಿನಲ್ಲಿ ನನ್ನೊಬ್ಬನ ನಂಬರಿಗೆ ರಿಂಗ್‌ಟೋನ್ ಆಗಿ ಇಟ್ಟುಕೊಂಡಿದ್ದಾನೆ. ಹೀಗಾಗಿ ಬೈಲಹೊಂಗಲದಿಂದ ನಾನು ಯಾವ ಗಂಭೀರ ಸಂದೇಹವನ್ನು ಕೇಳಲು ಫೋನು ಹಚ್ಚಿದರೂ, ನಾನು ಬಾಯಿ ತೆರೆಯುವ ಮೊದಲೇ, ರಾಮದುರ್ಗದ ಇಡೀ ಓಣಿಗೆ ಕೇಳುವಂತೆ ಹುಸೇನಸಾಬರು ನನ್ನನ್ನು ಸುಮ್ಮನೆ ಕೂಡಿಸುತ್ತಾರೆ!