ಡಾಕ್ಟರಮ್ಮನಿಗೆ ಬಂದ ಚೀಟಿಗಳು

ಭಾಷಣ ಮುಗಿಸಿ "ಪ್ರಶ್ನೆ ಇದ್ದರೆ ಕೇಳಿ" ಎಂದರೆ ಸಾಕು, ಅಲ್ಲಿಯವರೆಗೆ ಗುಸುಗುಸು ಎನ್ನುತ್ತಿದ್ದ ಸಭೆ ಒಮ್ಮೆಲೇ ತನ್ನ ಕಾಲ್ಬೆರಳು ನೋಡತೊಡಗುತ್ತದೆ. ಇದು ಯಾವ ಊರಿಗೆ ಹೋದರೂ ತಪ್ಪಿದ್ದಲ್ಲ.

ನನ್ನ ಸೊಸೆ ಡಾಕ್ಟರು. ರಜೆಯ ದಿನ ಸುತ್ತಲಿನ ಊರುಗಳಿಗೆ ಹೋಗಿ ಹೆಣ್ಣುಮಕ್ಕಳಿಗೆ ಶುಗರ್ ಬಗ್ಗೆ ಹೇಳುತ್ತಾಳೆ. ಚೀಟಿಯಲ್ಲಿ ಪ್ರಶ್ನೆ ಸಂಗ್ರಹಿಸಿ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನು. ಬಿ.ಎ. ಆದವಳ ದಾಖಲೆ ಎಂದರೆ ದಾಖಲೆ.

ಸೇಡಂ

"ಮ್ಯಾಲ ನಿಮ್ಮ ಹೆಸರು, ಗಂಡನ ಹೆಸರು, ಊರು ಬರೀರಿ. ಕೆಳಗ ಪ್ರಶ್ನೆ ಬರೀರಿ" ಎಂದು ಚೀಟಿ ಹಂಚಿದೆ. ಎಲ್ಲ ಚೀಟಿಗಳೂ ವಾಪಸು ಬಂದವು. ಹೆಸರು, ಗಂಡನ ಹೆಸರು, ಊರು ಎಲ್ಲ ಇದ್ದವು. ಪ್ರಶ್ನೆ ಒಂದೂ ಇರಲಿಲ್ಲ. ಆಡಕಿ ಊರಿನ ಒಬ್ಬಾಕೆ ಚೀಟಿಯ ಜೊತೆ ಆಧಾರ್ ಕಾರ್ಡಿನ ಜೆರಾಕ್ಸನ್ನೂ ಮಡಚಿ ಕೊಟ್ಟು ಮೆಲ್ಲಗೆ ಕೇಳಿದಳು: "ಅಕ್ಕಾ, ಹೊಲಿಗಿ ಮಷಿನ್ ಯಾವಾಗ ಕೊಡ್ತೀರಿ?"

ವಾಪಸು ಬರುವಾಗ ಬಸ್ಸಿನಲ್ಲಿ ಸೊಸೆ ಮುಖ ಸಣ್ಣದು ಮಾಡಿಕೊಂಡಿದ್ದಳು. "ಅತ್ತಿ, ಯಾರೂ ಏನೂ ಕೇಳೂದೇ ಇಲ್ಲಂದ್ರ ನಾ ಯಾರಿಗಿ ಒದರಾಕತ್ತೀನಿ? ಚಿಂಚೋಳಿ ತನಕ ನೋಡ್ತೀನಿ. ಆಮ್ಯಾಲ ಸಾಕು."

ಚಿಂಚೋಳಿಯೂ ಸೇರಿ ಇನ್ನು ನಾಲ್ಕೇ ಊರು ಉಳಿದಿದ್ದವು.

ಚಿತ್ತಾಪುರ

ಇಲ್ಲಿ ಗಂಡನ ಹೆಸರು ಕೈಬಿಟ್ಟೆ. ಪ್ರಶ್ನೆಗಳು ಬಂದವು, ಆದರೆ ಎಲ್ಲವೂ ಪಕ್ಕದ ಮನೆಯವರ ಬಗ್ಗೆ! ಸೊಸೆ ಒಂದನ್ನು ಓದಿದಳು: "ನಮ್ಮ ಬಾಜು ಮನಿ ಆಪಾಗ ಶುಗರ್ ಅದ. ಕದ್ದು ಜಿಲೇಬಿ ತಿಂತಾರ. ಏನಾಗ್ತದ?"

ಮುಂದಿನ ಸಾಲಿನಲ್ಲಿದ್ದ ಆಪಾ, ಅಂದರೆ ಆ ಬಾಜು ಮನೆಯ ಅಕ್ಕ, ತಟ್ಟನೆ ಪಕ್ಕದಾಕೆಯತ್ತ ತಿರುಗಿದರು. "ಏ, ಇಬ್ಬರೂ ಕೂಡೇ ತಿಂದಿಲ್ಲೇನು? ನಿಂದು ಯಾಕ ಬರೀಲಿಲ್ಲ?"

"ನಂದು ನೀವು ಬರೀತೀರಂತ ಬಿಟ್ಟಿದ್ದೆ, ಆಪಾ!"

ವಾಡಿ

ಸಭೆ ನಡೆದದ್ದು ಸ್ಟೇಷನ್ನಿನ ಬಾಜುವಿಗೆ. ಒಬ್ಬಾಕೆ ಧೈರ್ಯದಿಂದ ಎದ್ದು, "ನಮ್ಮತ್ತಿ ಶುಗರ್ ಗುಳಿಗಿ ಬಿಟ್ಟಾರ. ನಡೀತದೇನ್ರಿ?" ಎಂದಳು. ಸೊಸೆ ಖುಷಿಯಿಂದ ಹೊಟ್ಟೆ, ರಕ್ತ, ಮೂತ್ರಪಿಂಡ ಎಂದು ಮೊದಲಿನಿಂದ ಶುರು ಮಾಡಿದಳು. ಅಷ್ಟರಲ್ಲಿ ರೈಲು ಕೂಗಿತು. ಅರ್ಧ ಸಭೆ ಚೀಲ ಹಿಡಿದು ಎದ್ದಿತು. ಕೇಳಿದಾಕೆಯೂ ಓಡುತ್ತ ಬಾಗಿಲಲ್ಲಿ ತಿರುಗಿ, "ಡಾಕ್ಟರಮ್ಮ, ನಡೀತದೋ ಇಲ್ಲೋ, ಅಷ್ಟೇ ಹೇಳ್ರಿ!" ಎಂದಳು.

"ನಡ್ಯಂಗಿಲ್ಲ!" ಎಂದು ಸೊಸೆ ಮೈಕಿನಲ್ಲಿ ಕೂಗಿದಳು.

ಪುಸ್ತಕದಲ್ಲಿ ಬರೆದುಕೊಂಡೆ: 'ಉತ್ತರ ಪ್ಲಾಟ್‌ಫಾರ್ಮಿನ ತನಕ ತಲುಪಿದೆ.'

ಶಹಾಬಾದ

ಇಲ್ಲಿ ಪ್ರಶ್ನೆಗಳಿಗೆ ಬರವಿರಲಿಲ್ಲ. ಡಾಕ್ಟರಮ್ಮ ಯಾರ ಮಗಳು, ಮಕ್ಕಳೆಷ್ಟು, ಅತ್ತೆ ಕಾಡುತ್ತಾಳೆಯೇ? ಕೊನೆಯದಕ್ಕೆ ಸೊಸೆ ಕೊಟ್ಟ ಉತ್ತರವೊಂದನ್ನು ಮಾತ್ರ ನಾನು ದಾಖಲಿಸಿಲ್ಲ.

ಚಿಂಚೋಳಿ

ಕೊನೆಯ ಸಭೆ. ಹೆಸರೇ ಬೇಡ, ಚೀಟಿ ಇದರಲ್ಲಿ ಹಾಕಿ ಎಂದು ಸ್ಟೀಲ್ ಡಬ್ಬಿ ಕೊಟ್ಟೆ. ಅದನ್ನು ಎಲ್ಲರೂ ಪ್ರಸಾದದ ತಟ್ಟೆಯಂತೆ ಭಕ್ತಿಯಿಂದ ದಾಟಿಸಿದರು. ಡಬ್ಬಿ ಖಾಲಿಯೇ ತಿರುಗಿ ಬಂತು. ಅತ್ತ ಸೊಸೆ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು.

ನಾನು ಕಂಬದ ಮರೆಗೆ ಹೋಗಿ ಎಡಗೈಯಲ್ಲಿ ಬರೆದೆ: 'ವರ್ಷದಿಂದ ಅಂಗಾಲು ಜುಮುಜುಮು ಅಂತದ. ಹೇಳಿದ್ರ ಮನ್ಯಾಗ ಹೋಳಗಿ ಬಂದ್ ಮಾಡ್ತಾರಂತ ಹೇಳಿಲ್ಲ. ಏನು ಮಾಡಲಿ?' ಅವಸರದಲ್ಲಿ ಸುಳ್ಳು ಹೊಳೆಯಲಿಲ್ಲ, ಇದ್ದದ್ದನ್ನೇ ಬರೆದುಬಿಟ್ಟೆ. ಚೀಟಿಯನ್ನು ಡಬ್ಬಿಗೆ ಹಾಕಿ ಸೊಸೆಯ ಕಡೆ ದಾಟಿಸಿ, ಮತ್ತೆ ಕಂಬದ ಮರೆಗೆ ನಿಂತೆ.

ಸೊಸೆ ಚೀಟಿ ಬಿಚ್ಚಿದಳು. ಅಕ್ಷರ ಸೊಟ್ಟಗಿದ್ದವು, ನಿಜ. ಆದರೆ ಅಭ್ಯಾಸಬಲದಿಂದ ಎಡಕ್ಕೆ ಮಾರ್ಜಿನ್ ಎಳೆದು, ಮೇಲೆ ತಾರೀಖು ಹಾಕಿದ್ದೆ. ಅವಳು ಚೀಟಿ ನೋಡಿದಳು, ಕಂಬ ನೋಡಿದಳು, ಆಮೇಲೆ ಗಟ್ಟಿಯಾಗಿ ಓದಿದಳು.

ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಎದ್ದು, "ಯವ್ವಾ, ನನ್ನ ಕಾಲೂ ಹಂಗೇ ಆಗ್ಯಾವ" ಎಂದಳು. "ನನ್ನವೂ" ಎಂದಳು ಇನ್ನೊಬ್ಬಳು. ಆಮೇಲೆ ಯಾರಿಗೂ ಚೀಟಿ ಬೇಕಾಗಲಿಲ್ಲ. ಒಂದು ತಾಸು ಕೇಳಿಯೇ ಕೇಳಿದರು. "ಮುಂದಿನ ತಿಂಗಳ ಮತ್ತ ಬರ್ತೀನಿ" ಎಂದು ಸೊಸೆ ತಾನಾಗಿಯೇ ಹೇಳಿದಳು. ನಾನು ಪುಸ್ತಕದಲ್ಲಿ ಹೊಸ ಪುಟ ತಿರುವಿದೆ.

ಹೊರಡುವಾಗ ಆ ಮುದುಕಿ ಮರುಗಿದಳು: "ಚೀಟಿ ಬರದಾಕಿ ಪಾಪ, ಯಾ ದವಾಖಾನಿಗಿ ಹೋಗಬೇಕವ್ವಾ?"

ಸೊಸೆ ಮೈಕು ಬಿಡದೆ ಹೇಳಿದಳು: "ಎಲ್ಲೂ ಹೋಗೂದು ಬ್ಯಾಡ್ರಿ ಅಜ್ಜಿ. ನಾಳಿ ಮುಂಜಾನಿ ಆರಕ್ಕ ಅವರ ಅಡಿಗಿ ಮನ್ಯಾಗ, ಹೋಳಗಿ ಡಬ್ಬಿ ಮುಂದ, ನಾನೇ ಸೂಜಿ ಹಿಡ್ಕೊಂಡು ನಿಂತಿರ್ತೀನಿ!"