ಎರಡನೇ ಸಾಲಿನ ಸೀಟು

ಅನಾಹುತಕ್ಕೆಲ್ಲ ಮೂಲ ವಿಮಾನದ ಎರಡನೇ ಸಾಲಿನ ಒಂದು ಸೀಟು. ಅದನ್ನು ಕಂಪನಿ ಕೊಡಿಸಿದ್ದಲ್ಲ. ಬಣ್ಣದ ಡಬ್ಬಿ ಮಾರುವ ಆ ಕಂಪನಿ ತನ್ನ ಗೋದಾಮಿನ ನೌಕರನನ್ನು ವಿಮಾನದಲ್ಲಿ ಕರೆಸಿಕೊಂಡದ್ದೇ ದೊಡ್ಡ ಮಾತು. ಅದೂ ನೀರು ಕೇಳಿದರೆ ದುಡ್ಡು, ಕಾಲು ಚಾಚಿದರೆ ದುಡ್ಡು ಎನ್ನುವ ಅಗ್ಗದ ವಿಮಾನ. ಮುಂದಿನ ಸೀಟಿಗೆಂದು ತನ್ನ ಹೊಲಿಗೆಯ ಸಂಪಾದನೆಯಿಂದ ಬೇರೆಯಾಗಿ ತೆತ್ತವಳು ಅವನ ಹೆಂಡತಿ.

"ಮುಂದೆ ಕೂತ್ರೆ ಮೊದ್ಲು ಇಳೀತೀರ. ಮೊದ್ಲು ಇಳಿದ್ರೆ ಮೊದ್ಲು ಹೋಗಿ ಡೈರೆಕ್ಟರನ್ನ ನೋಡ್ತೀರ. ಮಧ್ಯಾಹ್ನ ಅವ್ರು ಊರು ಬಿಡ್ತಾರಂತೆ, ನೆನಪಿರ್ಲಿ," ಎಂದು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು. "ಯಾರಾದ್ರೂ ಸೀಟು ಕೇಳಿದ್ರೆ ಕೊಟ್ಟುಬಿಟ್ಟೀರ ಮತ್ತೆ. ಆಗಲ್ಲ ಅನ್ಬೇಕು. ಎಲ್ಲಿ, ಒಂದ್ಸಲ ಅನ್ನಿ ನೋಡೋಣ."

"ಆಗ್ಲಿಬಿಡು, ಅಂತೀನಿ," ಎಂದ ಅವನು.

ಅವನಿಗೆ ಊರು ಇಟ್ಟ ಹೆಸರೂ ಅದೇ. ಅಪ್ಪ ಅಮ್ಮ ಇಟ್ಟದ್ದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗೋದಾಮಿನಲ್ಲಿ, ಬೀದಿಯಲ್ಲಿ, ಕೊನೆಗೆ ಸ್ವಂತ ಭಾವಮೈದುನನ ಬಾಯಲ್ಲೂ ಅವನು ಆಗ್ಲಿಬಿಡಿ. ರಜೆಯ ದಿನ ಬಂದು ಲಾರಿ ಇಳಿಸಿ ಎಂದರೆ ಆಗ್ಲಿಬಿಡಿ. ಇನ್ಯಾರದೋ ತಪ್ಪಿಗೆ ನೀವು ಬೈಸಿಕೊಳ್ಳಿ ಎಂದರೆ ಆಗ್ಲಿಬಿಡಿ. ಗೋದಾಮಿನ ಮುಖ್ಯಸ್ಥ ಕೆಲಸ ಬಿಟ್ಟು ಹೋದಾಗ 'ಸದ್ಯಕ್ಕೆ ನೀವು ನೋಡಿಕೊಳ್ಳಿ' ಎಂದಿದ್ದರು. ಆ ಸದ್ಯ ವರ್ಷಗಟ್ಟಲೆ ಎಳೆದು, ಮುಖ್ಯಸ್ಥನ ಕೆಲಸ ಪೂರ್ತಿ ಇವನದು, ಸಂಬಳ ಮಾತ್ರ ಸಹಾಯಕನದು ಎಂದಾಗಿತ್ತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನು ಇವನನ್ನು ನೋಡಿಯೇ ಕಟ್ಟಿರಬೇಕು.

ಗಂಡ ಹೆಂಡತಿ ಇದ್ದದ್ದು ಗೋದಾಮಿನ ಹಿಂಬದಿಯ ಎರಡು ಕೋಣೆಗಳಲ್ಲಿ. ಬಣ್ಣ ತೆಳುಮಾಡುವ ಥಿನ್ನರ್ ವಾಸನೆ ಅಲ್ಲಿ ಗೋಡೆಗೂ ಹಿಡಿದಿತ್ತು, ಅನ್ನಕ್ಕೂ ಹಿಡಿದಿತ್ತು, ಹೆಂಡತಿಯ ಎದೆಗೂ ಹಿಡಿದು ಕೆಮ್ಮು ಬಿಡುತ್ತಿರಲಿಲ್ಲ. ಹುದ್ದೆ ಖಾಯಂ ಆದರೆ ಬೇರೆ ಮನೆ ಮಾಡಬಹುದು. ಡೈರೆಕ್ಟರ್ ಕರೆಸಿದ್ದಾರೆ ಎಂದು ತಿಳಿದ ದಿನದಿಂದ ಅವಳ ತಲೆಯಲ್ಲಿ ಬೇರೆ ಮಾತೇ ಇರಲಿಲ್ಲ. ಬಾಯಿಬಿಟ್ಟು ಕೇಳಿ ಖಾಯಂ ಮಾಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ಹಾಗೇ ಎತ್ತಲಾದರೂ ಹೋಗಿ ಎಂದು ಕಳಿಸಿದ್ದಳು.

ಆಗ್ಲಿಬಿಡಿ ಚೀಲವನ್ನು ತಲೆಯ ಮೇಲಿನ ಗೂಡಿಗೆ ತುರುಕಿ ಎರಡನೇ ಸಾಲಿನ ಅಂಚಿನ ಸೀಟಿನಲ್ಲಿ ಕುಳಿತ. ಜೀವಮಾನದಲ್ಲಿ ಮೊದಲ ಸಲ ಅವನ ಮುಂದೆ ಒಂದೇ ಒಂದು ಸಾಲಿನ ಜನ ಇದ್ದರು. ಉಳಿದವರೆಲ್ಲ ಹಿಂದೆ. ಅವನಿಗೆ ಸಣ್ಣಗೆ ಹೆಮ್ಮೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಹೆದರಿದ್ದು ಸರಿಯಾಗಿಯೇ ಇತ್ತು. ಪಕ್ಕದ ಸೀಟಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಮುಖ ಊದಿಸಿಕೊಂಡು ಕುಳಿತಿದ್ದಳು. ಅವಳ ಗಂಡ ಒಂಬತ್ತನೇ ಸಾಲಿನಿಂದ ಎದ್ದು ಬಂದ.

"ಸಾರ್, ನಮ್ಮಿಬ್ರಿಗೂ ಬೇರೆ ಬೇರೆ ಕಡೆ ಸೀಟು ಕೊಟ್ಬಿಟ್ಟಿದಾರೆ. ಮದುವೆಯಾಗಿ ವಾರ ಆಯ್ತಷ್ಟೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ತೀರಾ?"

ಆಗ್ಲಿಬಿಡಿ ಹೆಂಡತಿಯನ್ನು ನೆನೆದು ಗಂಟಲು ಸರಿಮಾಡಿಕೊಂಡ. 'ಆ' ಎಂಬಲ್ಲಿಗೆ ಬಂದಿದ್ದ. ಅಷ್ಟರಲ್ಲಿ ಹಿಂದಿನ ಸಾಲಿಗೆ ಹೋಗುತ್ತಿದ್ದ ಒಬ್ಬ ಅಲ್ಲೇ ನಿಂತು, "ಕೇಳಿ ಕೇಳಿ, ಅವ್ರು ಕೊಡ್ತಾರೆ. ಇಷ್ಟು ವರ್ಷದಲ್ಲಿ ಅವ್ರು ಇಲ್ಲ ಅಂದಿದ್ದನ್ನ ನಾನು ಕೇಳೇ ಇಲ್ಲ," ಎಂದ.

ಅವನು ಅದೇ ಗೋದಾಮಿನ ಬಿಲ್ಲು ಗುಮಾಸ್ತ. ಅವನನ್ನೂ ಡೈರೆಕ್ಟರ್ ಕರೆಸಿದ್ದರು, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮಾಡಿಕೊಳ್ಳುವ ಗಿರಾಕಿ. ಇತ್ತ ಸುತ್ತಲಿನ ನಾಲ್ಕಾರು ಮುಖಗಳು ಆಗ್ಲಿಬಿಡಿಯ ಕಡೆ ತಿರುಗಿದವು. ಒಬ್ಬ ಅಜ್ಜ "ಪಾಪ, ಮಕ್ಕಳು" ಎಂದ. ಆಗ್ಲಿಬಿಡಿ ಎದ್ದು ನಿಂತ.

"ಆಗ್ಲಿಬಿಡಿ," ಎಂದ. ಚೀಲ ತೆಗೆಯಲು ಕೈ ಎತ್ತಿದರೆ ಆಗಲೇ ಅದರ ಮೇಲೆ ಮೂರು ಪೆಟ್ಟಿಗೆ ಕುಳಿತಿದ್ದವು.

ಒಂಬತ್ತನೇ ಸಾಲಿನ ನಡುವಿನ ಸೀಟಿನಲ್ಲಿ ಕೂರುವ ಮೊದಲೇ ಪಕ್ಕದ ಮುದುಕಿ ಅವನ ತೋಳು ಹಿಡಿದಳು. "ನೋಡಪ್ಪಾ, ನನ್ನ ಮಗಳನ್ನ ಹದಿನೇಳನೇ ಸಾಲಿಗೆ ಹಾಕಿದಾರೆ. ಮೇಲೆ ಹೋದಾಗ ನಂಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಅವಳು ಪಕ್ಕದಲ್ಲಿರ್ಬೇಕು. ನೀನು ಹೇಗೂ ನಿಂತೇ ಇದ್ದೀಯಲ್ಲ."

ನಿಂತೇ ಇದ್ದದ್ದು ನಿಜ. ಆಗ್ಲಿಬಿಡಿ ಹದಿನೇಳನೇ ಸಾಲಿಗೆ ಹೋಗಿ ಸಂಗತಿ ತಿಳಿಸಿದಾಗ ಮಗಳು ಅವನನ್ನು ಸುಟ್ಟುಬಿಡುವಂತೆ ನೋಡಿದಳು.

"ನಿಮ್ಮನ್ನ ಯಾರ್ರೀ ಒಪ್ಕೊಳ್ಳಿ ಅಂದಿದ್ದು? ಒಂದು ಗಂಟೆನಾದ್ರೂ ನೆಮ್ಮದಿಯಾಗಿರೋಣ ಅಂತ ದೂರದ ಸೀಟನ್ನ ನಾನೇ ಕೇಳಿ ತಗೊಂಡಿದ್ದೆ."

"ಹಾಗಾದ್ರೆ ಬೇಡ ಅಂತ ಹೇಳ್ಬಿಡ್ಲಾ?"

"ಈಗ ಬೇಡ ಅಂದ್ರೆ ಸಾಯೋವರೆಗೂ ಆಡ್ತಾಳೆ," ಎಂದು ಅವಳು ಕೈಚೀಲವನ್ನು ಅವನ ಮೊಣಕಾಲಿಗೆ ತಾಗಿಸಿಕೊಂಡೇ ಎದ್ದು ಹೋದಳು. ಉಪಕಾರ ಮಾಡಿ ಬೈಸಿಕೊಳ್ಳುವುದು ಅವನಿಗೇನೂ ಹೊಸದಲ್ಲ.

ಹದಿನೇಳನೇ ಸಾಲಿನ ಪಕ್ಕದವನು ಜಮೀನಿನ ದಲ್ಲಾಳಿ. ಅವನ ಪಾಲುದಾರ ಕೊನೆಯ ಸಾಲಿನಲ್ಲಿದ್ದ. ಇಬ್ಬರೂ ಇಡೀ ವಿಮಾನಕ್ಕೆ ಕೇಳುವಂತೆ ವ್ಯವಹಾರ ಮಾತಾಡುತ್ತಿದ್ದರು. ಕೊನೆಯ ಸಾಲಿನಲ್ಲಿ ಪಾಲುದಾರನ ಪಕ್ಕದಲ್ಲೇ ಬಿಲ್ಲು ಗುಮಾಸ್ತ ಕುಳಿತಿದ್ದ. ಅವನು ಕೈ ಎತ್ತಿ ಆಗ್ಲಿಬಿಡಿಯನ್ನು ತೋರಿಸಿದ. ಅಷ್ಟು ಸಾಕಾಯಿತು, ಪಾಲುದಾರ ಸೀಟು ಕೇಳಿಕೊಂಡು ಎದ್ದು ಬಂದ. ಆಗ್ಲಿಬಿಡಿ ಮತ್ತೆ ಎದ್ದ.

ಗಗನಸಖಿ ಓಡಿ ಬಂದಳು. "ಸಾರ್, ಎಷ್ಟು ಸಲ ಎದ್ದು ಓಡಾಡ್ತೀರ? ನೀವೊಬ್ರು ಕೂತ್ರೆ ವಿಮಾನ ಹೊರಡುತ್ತೆ."

ಇಡೀ ವಿಮಾನ ತಿರುಗಿ ನೋಡಿತು. "ಕೆಲವ್ರಿಗೆ ಎಲ್ಲಿ ಕೂತ್ರೂ ಸಮಾಧಾನ ಇರಲ್ಲ," ಎಂದು ಯಾರೋ ಹೆಂಗಸು ಹೇಳಿದಳು. ದನಿ ಮುದುಕಿಯ ಮಗಳದ್ದು.

"ಬನ್ನಿ ಬನ್ನಿ, ಕೊನೆಗೆ ಇಲ್ಲಿಗೇ ಬರ್ತೀರ ಅಂತ ಗೊತ್ತಿತ್ತು," ಎಂದು ಗುಮಾಸ್ತ ಸ್ವಾಗತಿಸಿದ.

ಕೊನೆಯ ಸಾಲೆಂದರೆ ಬೆನ್ನಿಗೆ ಶೌಚಾಲಯದ ಗೋಡೆ. ಸೀಟು ಹಿಂದಕ್ಕೆ ಒರಗುವುದಿಲ್ಲ, ಆದರೆ ಮುಂದಿನವನ ಸೀಟು ಒರಗುತ್ತದೆ. ವಿಮಾನ ಮೇಲೇರಿದ ಕೂಡಲೇ ಮುಂದಿನವನ ತಲೆ ಆಗ್ಲಿಬಿಡಿಯ ಎದೆಯ ಮೇಲೆ ಬಂತು. ಶೌಚಾಲಯಕ್ಕೆ ಸಾಲು ನಿಂತವರು ಅವನ ಭುಜವನ್ನು ಕಟಕಟೆಯಂತೆ ಹಿಡಿದು ನಿಂತರು. ಒಬ್ಬ ತನ್ನ ಚಹಾದ ಲೋಟವನ್ನೂ "ಒಂದ್ನಿಮಿಷ" ಎಂದು ಅವನ ಕೈಗೆ ಕೊಟ್ಟು ಒಳಗೆ ಹೋದ.

ಆಗ ಮುಂದಿನಿಂದ ಮದುಮಗ ಬಂದ. ಮುಖ ಕೆಂಪಾಗಿತ್ತು. "ಎಲ್ಲಾದ್ರೂ ಒಂದು ಸೀಟಿದ್ಯಾ? ಅವಳ ಪಕ್ಕ ನಾನು ಕೂರಲ್ಲ. ಒಟ್ಟಿಗೆ ಕೂರೋ ದುಡ್ಡು ಉಳಿಸೋಕೆ, ಅವ್ರು ಕೊಟ್ಟ ಸೀಟೇ ಸಾಕು ಅಂತ ನಾನೇ ಬಿಟ್ಟಿದ್ದು ಅಂತ ಅವಳಿಗೆ ಗೊತ್ತಾಗ್ಹೋಯ್ತು. ವಾರಕ್ಕೇ ಹೀಗೆ ಉಳಿಸಿದ್ರೆ ಮುಂದೆ ಇನ್ನೇನೇನು ಉಳಿಸ್ತೀರ ಅಂತಾಳೆ."

ಗುಮಾಸ್ತ ಆಗಲೇ ಎದ್ದಿದ್ದ. "ನನ್ನ ಸೀಟು ತಗೊಳ್ಳಿ. ಕಷ್ಟದಲ್ಲಿರೋರಿಗೆ ಇಷ್ಟೂ ಮಾಡ್ದೆ ಇದ್ರೆ ಹೇಗೆ?" ಎಂದವನೇ ಎರಡನೇ ಸಾಲಿಗೆ ಹೋಗಿ ಕಾಲು ಚಾಚಿ ಕುಳಿತ. ಆಗ್ಲಿಬಿಡಿಯ ಹೆಂಡತಿ ರಾತ್ರಿಯೆಲ್ಲ ರವಿಕೆ ಹೊಲಿದು ಕೊಡಿಸಿದ ಸೀಟು ಹೀಗೆ ಸಲ್ಲಬೇಕಾದವನಿಗೆ ಸಂದಿತು. ಮದುಮಗ ಉಳಿದ ಹಾದಿಯುದ್ದಕ್ಕೂ ಆಗ್ಲಿಬಿಡಿಯ ಭುಜಕ್ಕೆ ಒರಗಿ, ಮದುವೆಯ ವಿಚಾರವಾಗಿ ಅಳುತ್ತಾ ಬಂದ.

ವಿಮಾನ ಇಳಿದಾಗ ಒಂದು ಗಳಿಗೆ ಅದೃಷ್ಟ ತಿರುಗಿದಂತೆ ಕಂಡಿತು. ಹಿಂದಿನ ಬಾಗಿಲನ್ನೂ ತೆಗೆದರು. ಆದರೆ ಚೀಲ ಎರಡನೇ ಸಾಲಿನ ಮೇಲಿತ್ತು. ಅದರಲ್ಲಿ ಡೈರೆಕ್ಟರಿಗೆ ತೋರಿಸಬೇಕಾದ ಕಾಗದಗಳೆಲ್ಲ ಇದ್ದವು. ಆಗ್ಲಿಬಿಡಿ ಜನರ ಎದುರು ದಿಕ್ಕಿಗೆ ನುಗ್ಗಲು ನೋಡಿ ಮೂರು ಸಲ ಬೈಸಿಕೊಂಡು, ಕೊನೆಗೆ ಒಂದು ಸಾಲಿನಲ್ಲಿ ನುಸುಳಿ ನಿಂತುಬಿಟ್ಟ. ಚೀಲ ಕೈಗೆ ಬರುವಷ್ಟರಲ್ಲಿ ಕಸ ಗುಡಿಸುವವರು ಒಳಗೆ ಬಂದಿದ್ದರು. "ಸ್ವಲ್ಪ ಕಾಲು ಎತ್ತಿ ಸಾರ್," ಎಂದರು. ಎತ್ತಿದ.

ವಿಮಾನದಿಂದ ನಿಲ್ದಾಣಕ್ಕೆ ಒಯ್ಯುವ ಕೊನೆಯ ಬಸ್ಸಿನಲ್ಲಿ ಅವನು ಒಬ್ಬನೇ ನಿಂತಿದ್ದ. ಸಿಟ್ಟು ಬಂತು. ಇಷ್ಟು ವರ್ಷ ಬಾರದ ಸಿಟ್ಟೆಲ್ಲ ಬಡ್ಡಿ ಸಮೇತ ಬಂತು. ಯಾರದೋ ಅಮ್ಮ, ಯಾರದೋ ಹೆಂಡತಿ, ಯಾರದೋ ಜಮೀನು, ಎಲ್ಲಕ್ಕೂ ನಾನೇ ಯಾಕೆ ಏಳಬೇಕು? ಮನೆಯಲ್ಲಿ ಕೆಮ್ಮುತ್ತಾ ಕೂತವಳಿಗಾಗಿ ಯಾರಾದರೂ ಒಂದು ಸಲ ಎದ್ದಿದ್ದಾರಾ? ಇನ್ನು ಮುಂದೆ ಆಗಲ್ಲ ಎಂದರೆ ಆಗಲ್ಲ.

ಟ್ಯಾಕ್ಸಿಯವನು, "ದಾರೀಲಿ ಇನ್ನೊಬ್ರನ್ನ ಹತ್ತಿಸ್ಕೊಳ್ಲಾ ಸಾರ್? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದ.

"ಆಗಲ್ಲ," ಎಂದ ಆಗ್ಲಿಬಿಡಿ.

ಆಕಾಶವೇನೂ ಕಳಚಿ ಬೀಳಲಿಲ್ಲ. ಟ್ಯಾಕ್ಸಿಯವನು "ಸರಿ ಬಿಡಿ" ಎಂದು ಸುಮ್ಮನಾದ. ಇಷ್ಟು ಸುಲಭವೇ ಎಂದು ಆಗ್ಲಿಬಿಡಿಗೆ ಆಶ್ಚರ್ಯವಾಯಿತು. ಕಂಪನಿಯ ಲಿಫ್ಟಿನಲ್ಲಿ ಒಬ್ಬ, "ನೀವು ಮೆಟ್ಟಿಲಲ್ಲಿ ಬನ್ನಿ, ನಮ್ಮ ಸಾಮಾನು ಹೋಗ್ಲಿ," ಎಂದ. ಆಗಲ್ಲ. ಸ್ವಾಗತದ ಮೇಜಿನ ಹುಡುಗಿ, "ಈ ಕುರ್ಚಿ ಬಿಟ್ಟು ಅಲ್ಲಿ ಕೂತ್ಕೊಳ್ತೀರಾ?" ಎಂದಳು. ಆಗಲ್ಲ. ಮಗು ಹೊಸ ಪೀಪಿ ಸಿಕ್ಕಿದಾಗ ಊದುವ ಹಾಗೆ ಅವನು ಸಿಕ್ಕಲ್ಲೆಲ್ಲ ಊದುತ್ತಾ ಬಂದ. ಕಾಯುವ ಬೆಂಚಿನ ಮೇಲೆ ಗುಮಾಸ್ತ ಬಹಳ ಹೊತ್ತು ಮುಂಚೆಯೇ ಬಂದು ಎರಡನೇ ಚಹಾ ಕುಡಿಯುತ್ತಿದ್ದ. "ನಿಮ್ಮನ್ನ ಕೇಳಿದ್ಮೇಲೇ ನನ್ನ ಕರೀತಾರಂತೆ," ಎಂದ.

ಡೈರೆಕ್ಟರ್ ಆಗಲೇ ಹೊರಡಲು ಎದ್ದು ನಿಂತಿದ್ದರು. ಆಯಾಸಗೊಂಡ ಮುಖ, ಒಂದು ತೋಳು ಕೋಟಿನೊಳಗೆ, ಇನ್ನೊಂದು ಹೊರಗೆ.

"ತಡ ಮಾಡಿದ್ರಿ. ಇರ್ಲಿ, ಚಿಕ್ಕದಾಗಿ ಹೇಳ್ತೀನಿ. ನಿಮ್ಮ ಬಗ್ಗೆ ಎಲ್ರೂ ಒಳ್ಳೇ ಮಾತೇ ಹೇಳ್ತಾರೆ. ಆದ್ರೆ ನಿಮ್ಮೂರಿನ ಗೋದಾಮನ್ನ ಮುಚ್ತಾ ಇದ್ದೀವಿ. ಹಾಗಾಗಿ ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು..."

"ಆಗಲ್ಲ ಸಾರ್."

ಕೋಟಿನ ಹೊರಗಿದ್ದ ತೋಳು ಹೊರಗೇ ನಿಂತಿತು. "ಪೂರ್ತಿ ಕೇಳಿ."

"ಕೇಳೋಕೇನಿದೆ ಸಾರ್? ಇಷ್ಟು ವರ್ಷ ಕೇಳಿದ್ದೇ ಆಯ್ತು. ಸದ್ಯಕ್ಕೆ ನೋಡ್ಕೊಳ್ಳಿ ಅಂದ್ರಿ, ನೋಡ್ಕೊಂಡೆ. ಸಂಬಳ ಆಮೇಲೆ ಅಂದ್ರಿ, ಸುಮ್ಮನಿದ್ದೆ. ಥಿನ್ನರ್ ವಾಸನೆ ಕುಡಿದು ನನ್ನ ಹೆಂಡತಿ ಅರ್ಧ ಆಗಿದಾಳೆ. ಇನ್ನು ಬೇರೆಯವ್ರಿಗೋಸ್ಕರ ಒಂದು ಸೀಟೂ ಬಿಡಲ್ಲ, ಒಂದಿಂಚೂ ಅಡ್ಜಸ್ಟ್ ಮಾಡಲ್ಲ. ನೀವೇನೇ ಹೇಳಿ, ನನ್ನ ಉತ್ತರ ಒಂದೇ. ಆಗಲ್ಲ."

ಡೈರೆಕ್ಟರ್ ಅವನನ್ನು ನೋಡಿದರು. ಆ ನೋಟದಲ್ಲಿ ಗೌರವವೇ ಇತ್ತು.

"ಇಷ್ಟು ಖಂಡಿತವಾಗಿ ಮಾತಾಡೋರು ನಮ್ಮಲ್ಲಿ ಕಮ್ಮಿ. ಬಲವಂತ ಮಾಡಲ್ಲ ನಾನು," ಎಂದು ಕೈ ಕುಲುಕಿದರು. ಹೊರಗೆ ಬರುವಾಗ ಆಗ್ಲಿಬಿಡಿಯ ಎದೆ ಹಗುರಾಗಿತ್ತು. ಗುಮಾಸ್ತ ಒಳಗೆ ಹೋಗಿ, ಚಹಾ ಆರುವುದರೊಳಗೆ ಹೊರಗೆ ಬಂದ.

"ನೀವ್ಯಾಕೆ ಬೇಡ ಅಂದ್ರಿ?" ಎಂದು ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಈ ಊರಲ್ಲಿ ಎಲ್ಲಾ ಊರಿಗೂ ಸೇರಿಸಿ ಒಂದು ದೊಡ್ಡ ಗೋದಾಮು ಮಾಡ್ತಾರಂತೆ. ಅದಕ್ಕೆ ಮುಖ್ಯಸ್ಥ. ಖಾಯಂ. ಬೆಟ್ಟದ ಕಡೆ ಗಾಳಿ ಬೆಳಕಿರೋ ಮನೆ ಬೇರೆ ಕೊಡ್ತಾರೆ. ಮೊದಲು ನಿಮಗೇ ಅಂತ ಇಟ್ಟಿದ್ರಂತೆ."

"ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರಲ್ಲ?"

"ಅದಾ? ಮನೆಗೆ ಇನ್ನೂ ಬಣ್ಣ ಹೊಡೆದಿಲ್ವಂತೆ. ಬಣ್ಣದ ಕಂಪನಿ, ನೋಡಿ. ಒಂದು ತಿಂಗಳು ಹಾಗೇ ಇರ್ಬೇಕು ಅಂದ್ರು. ಅದಕ್ಕೇನು ಸಾರ್, ಆಗ್ಲಿ ಬಿಡಿ ಅಂದೆ."

ಆಗ್ಲಿಬಿಡಿ ಡೈರೆಕ್ಟರರ ಕೋಣೆಗೆ ಓಡಿದ. ಕೋಣೆ ಖಾಲಿ. ಮೆಟ್ಟಿಲಿಳಿದು ಬೀದಿಗೆ ಬಂದರೆ ಕಾರು ತಿರುವಿನಲ್ಲಿ ಮರೆಯಾಗುತ್ತಿತ್ತು. ಮುಚ್ಚುವ ಗೋದಾಮಿನಲ್ಲಿ ಕೊನೆಯ ಡಬ್ಬಿ ಎಣಿಸಿ ಬೀಗ ಹಾಕಿ ಬೀಗದ ಕೈ ಕಳಿಸುವುದಷ್ಟೇ ಇನ್ನು ಅವನಿಗೆ ಉಳಿದ ಕೆಲಸ. ಅವನು ಕಾಲುದಾರಿಯ ಅಂಚಿನಲ್ಲಿ ಚೀಲದ ಮೇಲೆ ಕುಳಿತ. ಫೋನು ಹೊಡೆದುಕೊಂಡಿತು.

"ಏನಾಯ್ತು ರೀ? ಯಾಕೆ ಮಾತಾಡ್ತಿಲ್ಲ? ಮತ್ತೆ ಅವ್ರು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಬಂದ್ರಾ?"

"ಇಲ್ಲ," ಎಂದ. "ಆಗಲ್ಲ ಅಂದೆ."

ಅತ್ತಲಿಂದ ಬಿಕ್ಕಿದ ಸದ್ದು ಬಂತು. ಹೆಂಡತಿ ಅಳುತ್ತಿದ್ದಳು. ನಡುವೆ ಕೆಮ್ಮು ಬಂತು, ಅದನ್ನೂ ನುಂಗಿಕೊಂಡು ಅತ್ತಳು.

"ಡೈರೆಕ್ಟರ್ ಮುಖಕ್ಕೇ ಅಂದ್ರಾ?"

"ಮುಖಕ್ಕೇ ಅಂದೆ."

"ಇದೊಂದು ಮಾತು ಕೇಳೋಕೆ ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತಾ? ನಂಗೆ ಬೇರೇನೂ ಬೇಡ, ಇವತ್ತು ಹೊಟ್ಟೆ ತುಂಬ್ತು. ಪಕ್ಕದ ಮನೆ ಅಕ್ಕನಿಗೆ ಹೇಳ್ಬೇಕು, ನಿಮ್ಮನ್ನ ಆಡ್ಕೊಂಡು ನಗೋಳು ಅವಳು." ಮೂಗು ಒರೆಸಿಕೊಂಡಳು. "ಅದಕ್ಕೆ ಅವ್ರೇನಂದ್ರು?"

ಆಗ್ಲಿಬಿಡಿ ಖಾಲಿ ಬೀದಿಯನ್ನು ನೋಡಿದ.

"ಒಪ್ಕೊಂಡ್ರು," ಎಂದ.